ಡಿಗ್ರಿಗೆ ಡಿಗ್ರಿ ಸಮವಲ್ಲ: ಸೆಲ್ಸಿಯಸ್, ಫ್ಯಾರನ್‌ಹೀಟ್ ಮತ್ತು 32ರ ಲೆಕ್ಕ

ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿತೆಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದ ಮನೆಯವರೇ ಸಂಜೆ 'ಮಗುವಿಗೆ ನೂರಾ ಎರಡು ಜ್ವರವಿದೆ' ಎಂದು ವೈದ್ಯರಿಗೆ ಹೇಳುತ್ತಾರೆ. ಮೊದಲನೆಯ ಅಂಕಿ ಸೆಲ್ಸಿಯಸ್ ಮಾನದ್ದು, ಎರಡನೆಯದು ಫ್ಯಾರನ್‌ಹೀಟ್ ಮಾನದ್ದು. ಯಾವುದು ಯಾವ ಮಾನವೆಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕೇಳುವ ಅಗತ್ಯವೂ ಇಲ್ಲ. 42 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಮೈ ನಡುಗಿಸುವ ಚಳಿ. 102 ಡಿಗ್ರಿ ಸೆಲ್ಸಿಯಸ್ ಎಂದರೆ ಕುದಿಯುವ ನೀರಿಗಿಂತಲೂ ಹೆಚ್ಚಿನ ಬಿಸಿ. ಅಂಕಿಯನ್ನು ಕೇಳಿದೊಡನೆ ಮಾನ ಯಾವುದೆಂಬುದು ತಾನಾಗಿ ತಿಳಿದುಬಿಡುತ್ತದೆ.

ಆದರೆ ಮಾತು ತಾಪಮಾನದಿಂದ ತಾಪಮಾನದ ಬದಲಾವಣೆಯ ಕಡೆಗೆ ಹೊರಳಿದಾಗ ಈ ಅನುಕೂಲ ತಪ್ಪಿಹೋಗುತ್ತದೆ. 'ಜ್ವರ ಎರಡು ಡಿಗ್ರಿ ಇಳಿದಿದೆ', 'ಉಷ್ಣಾಂಶ ವಾಡಿಕೆಗಿಂತ ಐದು ಡಿಗ್ರಿ ಹೆಚ್ಚು', 'ಭೂಮಿಯ ತಾಪ ಒಂದೂವರೆ ಡಿಗ್ರಿ ಏರಿದೆ' ಎಂಬ ವಾಕ್ಯಗಳಲ್ಲಿ ಡಿಗ್ರಿ ಯಾವ ಮಾನದ್ದೆಂಬುದು ಅಂಕಿಯಿಂದ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂತಹ ಅಂಕಿಯನ್ನು ಒಂದು ಮಾನದಿಂದ ಇನ್ನೊಂದಕ್ಕೆ ತರುವಾಗ ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರವನ್ನು ಇಡಿಯಾಗಿ ಬಳಸಿದರೆ ಉತ್ತರ ತಪ್ಪುತ್ತದೆ. ಸಣ್ಣ ತಪ್ಪಲ್ಲ; ಒಂದೂವರೆ ಡಿಗ್ರಿಯ ಏರಿಕೆ ಸುಮಾರು ಮೂವತ್ತೈದು ಡಿಗ್ರಿಯ ಏರಿಕೆಯಾಗಿಬಿಡುವಷ್ಟು ದೊಡ್ಡ ತಪ್ಪು.

ಎರಡು ಮಾನಗಳು ಹುಟ್ಟಿದ ಬಗೆ

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ 1686ರಲ್ಲಿ, ಇಂದು ಪೋಲೆಂಡಿಗೆ ಸೇರಿರುವ ಡಾನ್ಜಿಗ್ ನಗರದಲ್ಲಿ ಜನಿಸಿದವನು. ನೆಲೆಸಿ ಹೆಸರು ಮಾಡಿದ್ದು ಹಾಲೆಂಡಿನಲ್ಲಿ. ವೃತ್ತಿಯಿಂದ ಉಪಕರಣ ತಯಾರಕ. ನಂಬಲರ್ಹವಾದ ಪಾದರಸದ ಉಷ್ಣತಾಮಾಪಕ ಆತನ ಕೊಡುಗೆ. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತನ್ನ ಮಾನದ ಮೂರು ಆಧಾರಬಿಂದುಗಳನ್ನು ವಿವರಿಸಿದ. ಮಂಜುಗಡ್ಡೆ, ನೀರು ಮತ್ತು ನವಸಾಗರದ ಮಿಶ್ರಣದ ತಣ್ಪು ಸೊನ್ನೆ. ಬರಿಯ ಮಂಜುಗಡ್ಡೆ ಮತ್ತು ನೀರಿನದು 32. ಆರೋಗ್ಯವಂತ ಮನುಷ್ಯನ ಮೈಬಿಸಿ 96. ಈ ಮಾನವನ್ನು ಮುಂದೆ ನೀರಿನ ಕುದಿಬಿಂದು 212 ಆಗುವಂತೆ ತಿದ್ದಿದರು. ಹೀಗಾಗಿ ನೀರು ಹೆಪ್ಪುಗಟ್ಟುವ ಬಿಂದುವಿಗೂ ಕುದಿಯುವ ಬಿಂದುವಿಗೂ ನಡುವೆ ಸರಿಯಾಗಿ 180 ಡಿಗ್ರಿಗಳಾದವು, ಮೈಬಿಸಿ 96ರಿಂದ ಸ್ವಲ್ಪ ಮೇಲಕ್ಕೆ ಸರಿಯಿತು.

ಸ್ವೀಡನ್ನಿನ ಉಪ್ಸಾಲಾದ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಅದೇ ಎರಡು ಬಿಂದುಗಳ ನಡುವೆ ನೂರು ಸಮಭಾಗಗಳ ಮಾನವನ್ನು ಮುಂದಿಟ್ಟ. ಸ್ವಾರಸ್ಯವೆಂದರೆ ಆತನ ಮಾನ ತಲೆಕೆಳಗಾಗಿತ್ತು: ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು! 1744ರಲ್ಲಿ ಆತ ತೀರಿಕೊಂಡ ಬಳಿಕ ಅದನ್ನು ತಿರುಗಿಸಿ ಇಂದಿನ ರೂಪಕ್ಕೆ ತರಲಾಯಿತು. ನೂರು ಮೆಟ್ಟಿಲಿನದೆಂಬ ಅರ್ಥದಲ್ಲಿ ಅದಕ್ಕೆ ಸೆಂಟಿಗ್ರೇಡ್ ಎಂಬ ಹೆಸರಿತ್ತು. 1948ರಲ್ಲಿ ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಸಮ್ಮೇಳನವು ಸೆಲ್ಸಿಯಸ್ ಎಂಬ ಹೆಸರನ್ನು ಅಂಗೀಕರಿಸಿತಾದರೂ ನಮ್ಮಲ್ಲಿ ಹಿರಿಯರ ಬಾಯಲ್ಲಿ ಇಂದಿಗೂ ಸೆಂಟಿಗ್ರೇಡೇ ಉಳಿದಿದೆ. ಎರಡೂ ಒಂದೇ.

ಬ್ರಿಟಿಷರ ಕಾಲದ ಭಾರತದಲ್ಲಿ ಹವಾಮಾನವನ್ನೂ ಫ್ಯಾರನ್‌ಹೀಟಿನಲ್ಲಿಯೇ ಅಳೆಯುತ್ತಿದ್ದರು. ಬೆಂಗಳೂರಿನ ಅತಿ ಕಡಿಮೆ ತಾಪಮಾನವೆಂದು ಈಗಲೂ ಉಲ್ಲೇಖವಾಗುವ, 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿಯನ್ನು ಹಿಂದಕ್ಕೆ ತಿರುಗಿಸಿ ನೋಡಿದರೆ 46 ಡಿಗ್ರಿ ಫ್ಯಾರನ್‌ಹೀಟ್ ದೊರೆಯುತ್ತದೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿತು. ಸೇರು ಹೋಗಿ ಕಿಲೋ ಬಂತು, ಮೈಲಿ ಹೋಗಿ ಕಿಲೋಮೀಟರ್ ಬಂತು, ಹವಾಮಾನ ವರದಿ ಸೆಲ್ಸಿಯಸ್‌ಗೆ ಬಂತು. ಜ್ವರ ಮಾತ್ರ ಹಳೆಯ ಮಾನದಲ್ಲೇ ನಿಂತುಬಿಟ್ಟಿತು.

ಸೂತ್ರ ಮತ್ತು ಬಾಯಿಲೆಕ್ಕ

ಒಂದೇ ಅಂತರವನ್ನು ಒಂದು ಮಾನ ನೂರು ಭಾಗ ಮಾಡುತ್ತದೆ, ಇನ್ನೊಂದು ನೂರೆಂಬತ್ತು. ಆದ್ದರಿಂದ ಸೆಲ್ಸಿಯಸ್‌ನ ಒಂದು ಡಿಗ್ರಿ ಫ್ಯಾರನ್‌ಹೀಟಿನ 1.8 ಡಿಗ್ರಿಗೆ ಸಮ. ಐದಕ್ಕೆ ಒಂಬತ್ತು ಎಂದು ನೆನಪಿಟ್ಟರೂ ಸರಿಯೇ. ಜೊತೆಗೆ ಸೆಲ್ಸಿಯಸ್ ಸೊನ್ನೆಯಿಂದ ಎಣಿಸುವ ಜಾಗದಲ್ಲಿ ಫ್ಯಾರನ್‌ಹೀಟ್ ಆಗಲೇ 32ರಲ್ಲಿರುತ್ತದೆ. ಹಾಗಾಗಿ ಸೆಲ್ಸಿಯಸ್ ಅಂಕಿಯನ್ನು 1.8ರಿಂದ ಗುಣಿಸಿ 32 ಕೂಡಿಸಿದರೆ ಫ್ಯಾರನ್‌ಹೀಟ್. ಫ್ಯಾರನ್‌ಹೀಟ್ ಅಂಕಿಯಿಂದ ಮೊದಲು 32 ಕಳೆದು ಆಮೇಲೆ 1.8ರಿಂದ ಭಾಗಿಸಿದರೆ ಸೆಲ್ಸಿಯಸ್. ಈ ಕ್ರಮ ಹಿಂದುಮುಂದಾಗಬಾರದು.

ಬಾಯಿಲೆಕ್ಕಕ್ಕೆ ಸುಲಭವಾದ ದಾರಿಯಿದೆ. ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿಸಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗವನ್ನು ಕಳೆದು, 32 ಕೂಡಿಸಿ. 35ರ ಇಮ್ಮಡಿ 70. ಅದರಿಂದ 7 ಕಳೆದರೆ 63. 32 ಕೂಡಿಸಿದರೆ 95. ಇದು ಅಂದಾಜಲ್ಲ, ನಿಖರ ಉತ್ತರ. ಹಿಂದಿರುಗುವಾಗ 32 ಕಳೆದು, ಅರ್ಧ ಮಾಡಿ, ಆ ಅರ್ಧಕ್ಕೆ ಅದರ ಒಂಬತ್ತನೆಯ ಒಂದು ಭಾಗವನ್ನು ಸೇರಿಸಬೇಕು. 104ರಿಂದ 32 ಹೋದರೆ 72, ಅರ್ಧ 36, ಅದರ ಒಂಬತ್ತನೆಯ ಭಾಗ 4, ಒಟ್ಟು 40. ಒಂಬತ್ತನೆಯ ಭಾಗದ ಬದಲು ಹತ್ತನೆಯ ಭಾಗ ಸೇರಿಸುವವರೂ ಇದ್ದಾರೆ. ಹವೆಯ ಮಟ್ಟಿಗೆ ಅದು ಸಾಕು. ಜ್ವರದ ಲೆಕ್ಕಕ್ಕೆ ಸಾಲದು.

ಲೆಕ್ಕವೇ ಬೇಡವೆನ್ನುವವರು ನಾಲ್ಕು ಜೋಡಿಗಳನ್ನು ನೆನಪಿಟ್ಟುಕೊಳ್ಳಬಹುದು. ಸೆಲ್ಸಿಯಸ್‌ನ 10, 20, 30, 40ಕ್ಕೆ ಕ್ರಮವಾಗಿ ಫ್ಯಾರನ್‌ಹೀಟಿನ 50, 68, 86, 104. ಹತ್ತು ಡಿಗ್ರಿಗೆ ಹದಿನೆಂಟರಂತೆ ಏರುತ್ತಾ ಹೋಗುತ್ತದೆ. ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಳ್ಳುವ ಎರಡು ಜೋಡಿಗಳೂ ಇವೆ: 16 ಹೆಚ್ಚುಕಡಿಮೆ 61, 28 ಹೆಚ್ಚುಕಡಿಮೆ 82. ಎರಡು ಮಾನಗಳೂ ಒಂದೇ ಅಂಕಿಯನ್ನು ತೋರಿಸುವ ಜಾಗ ಒಂದೇ ಒಂದು, ಮೈನಸ್ 40. ಅಷ್ಟು ಚಳಿಯಲ್ಲಿ ಇರುವವರಿಗೆ ಪರಿವರ್ತನೆಯ ತೊಂದರೆಯಾದರೂ ತಪ್ಪುತ್ತದೆ.

32 ಎಲ್ಲಿ ಬರಬಾರದು

ಇನ್ನು ಮೊದಲಿಗೆ ಹೇಳಿದ ತೊಡಕಿಗೆ ಬರೋಣ. ಒಂದು ಹೆದ್ದಾರಿಯ ಬದಿಯಲ್ಲಿ ಎರಡು ಬಗೆಯ ಕಲ್ಲುಗಳನ್ನು ನೆಟ್ಟಿದ್ದಾರೆಂದು ಭಾವಿಸಿ. ಕಿಲೋಮೀಟರ್ ಕಲ್ಲುಗಳ ಎಣಿಕೆ ಒಂದು ಊರಿನಿಂದ ಶುರುವಾಗಿದೆ. ಮೈಲಿಗಲ್ಲುಗಳ ಎಣಿಕೆ ಅದಕ್ಕಿಂತ 32 ಮೈಲಿ ಹಿಂದಿನ ಇನ್ನೊಂದು ಊರಿನಿಂದ ಶುರುವಾಗಿದೆ. ನೀವು ನಿಂತಿರುವ ಜಾಗದ ಕಿಲೋಮೀಟರ್ ಕಲ್ಲನ್ನು ನೋಡಿ ಅಲ್ಲಿನ ಮೈಲಿಗಲ್ಲಿನ ಅಂಕಿಯನ್ನು ಹೇಳಬೇಕಾದರೆ ಆ 32ನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಆದರೆ ದಾರಿಯಲ್ಲಿರುವ ಎರಡು ಹಳ್ಳಿಗಳ ನಡುವಿನ ದೂರ ಎಷ್ಟು ಮೈಲಿ ಎಂದು ಕೇಳಿದರೆ? ಎಣಿಕೆ ಎಲ್ಲಿಂದ ಶುರುವಾಯಿತೆಂಬುದು ಅಲ್ಲಿ ಅಪ್ರಸ್ತುತ. ಕಿಲೋಮೀಟರನ್ನು ಮೈಲಿ ಮಾಡಿದರೆ ಮುಗಿಯಿತು.

ತಾಪಮಾನದಲ್ಲಿಯೂ ಹಾಗೆಯೇ. 25ರಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಏರಿಕೆ 5 ಡಿಗ್ರಿ. ಅದೇ ಏರಿಕೆ ಫ್ಯಾರನ್‌ಹೀಟಿನಲ್ಲಿ 77ರಿಂದ 86ಕ್ಕೆ, ಅಂದರೆ 9 ಡಿಗ್ರಿ. 77ರಲ್ಲೂ 32 ಅಡಗಿದೆ, 86ರಲ್ಲೂ ಅಡಗಿದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಎರಡೂ ಹೊಡೆದುಹೋಗುತ್ತವೆ. ಸೂತ್ರವನ್ನು ಕಣ್ಣುಮುಚ್ಚಿ ಬಳಸಿದವರಿಗೆ 5 ಡಿಗ್ರಿಯ ಏರಿಕೆ 41 ಡಿಗ್ರಿಯಾಗಿ ಕಾಣುತ್ತದೆ. ಆದ್ದರಿಂದ ತಾಪಮಾನ ಎಲ್ಲಿದೆ ಎಂಬ ಪ್ರಶ್ನೆಗೆ 32 ಬೇಕು. ಎಷ್ಟು ಸರಿಯಿತು ಎಂಬ ಪ್ರಶ್ನೆಗೆ 1.8 ಮಾತ್ರ ಸಾಕು.

ಈ ಭೇದವನ್ನು ಗುರುತಿಸಲು ಕನ್ನಡವೇ ಒಂದು ಸುಳಿವು ಕೊಡುತ್ತದೆ. 'ಉಷ್ಣಾಂಶ 5 ಡಿಗ್ರಿಗೆ ಇಳಿಯಿತು' ಎಂದರೆ ಇಳಿದು ತಲುಪಿದ ಸ್ಥಾನ. 41 ಡಿಗ್ರಿ ಫ್ಯಾರನ್‌ಹೀಟ್. 'ಉಷ್ಣಾಂಶ 5 ಡಿಗ್ರಿಯಷ್ಟು ಇಳಿಯಿತು' ಎಂದರೆ ಇಳಿತದ ಪ್ರಮಾಣ. 9 ಡಿಗ್ರಿ ಫ್ಯಾರನ್‌ಹೀಟ್. 'ಗೆ' ಇದ್ದಲ್ಲಿ 32 ಕೂಡಿಸಿ, 'ಅಷ್ಟು' ಇದ್ದಲ್ಲಿ ಬಿಡಿ. ಪತ್ರಿಕೆಗಳ ತಲೆಬರಹಗಳು ಜಾಗದ ಅಭಾವದಿಂದ ಈ ಪ್ರತ್ಯಯಗಳನ್ನೇ ನುಂಗಿಹಾಕಿ 'ತಾಪಮಾನ 5 ಡಿಗ್ರಿ ಇಳಿಕೆ' ಎಂದು ಅಚ್ಚುಮಾಡುವುದೂ ಉಂಟು. ಅಂತಹ ಕಡೆ ಸುದ್ದಿಯ ಒಡಲನ್ನು ಓದದೆ ಗತಿಯಿಲ್ಲ.

ಎರಡೂ ಬಗೆಯ ಅಂಕಿಗಳು ಒಂದೇ ಕಡೆ ಬೆರೆತಿರುವುದಕ್ಕೆ ಭಾರತೀಯ ಹವಾಮಾನ ಇಲಾಖೆಯ ಬಿಸಿಗಾಳಿಯ ಮಾನದಂಡ ಒಳ್ಳೆಯ ಉದಾಹರಣೆ. ಗರಿಷ್ಠ ತಾಪಮಾನ ಬಯಲುಸೀಮೆಯಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ತಲುಪಿದ ನಂತರವಷ್ಟೇ ಇಲಾಖೆ ಬಿಸಿಗಾಳಿಯ ಪರಿಶೀಲನೆಗೆ ತೊಡಗುತ್ತದೆ. ಆಗ ಅದು ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ, 6.4ನ್ನೂ ಮೀರಿದ್ದರೆ ತೀವ್ರ ಬಿಸಿಗಾಳಿ. ಅಮೆರಿಕದಲ್ಲಿರುವ ಬಂಧುವಿಗೆ ಇದನ್ನು ವಿವರಿಸುವಾಗ ಮೊದಲ ಮೂರು ಅಂಕಿಗಳು 104, 98.6 ಮತ್ತು 86 ಆಗುತ್ತವೆ. ಉಳಿದೆರಡು 8.1 ಮತ್ತು 11.5 ಆಗಬೇಕು. ಅವಕ್ಕೂ 32 ಸೇರಿಸಿದರೆ 'ವಾಡಿಕೆಗಿಂತ 40 ಡಿಗ್ರಿ ಹೆಚ್ಚು' ಎಂಬ ಅಸಂಬದ್ಧ ಮಾತು ಹುಟ್ಟುತ್ತದೆ. ಅಂದಹಾಗೆ ಕರಾವಳಿಯ 37 ಡಿಗ್ರಿಯೂ ವೈದ್ಯಶಾಸ್ತ್ರದ 98.6 ಡಿಗ್ರಿಯೂ ಒಂದೇ ಬಿಂದು. ಅಲ್ಲಿನ ಹವೆ ಮೈಬಿಸಿಗೆ ಸಮನಾದಾಗ ತೇವಾಂಶವೂ ಜೊತೆಗೂಡಿದರೆ ಬೆವರು ಆರದೆ ಜೀವ ಬಳಲುತ್ತದೆ.

ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಬರುವ ಅಂಕಿಗಳೆಲ್ಲ ಬಹುಪಾಲು ಬದಲಾವಣೆಯ ಅಂಕಿಗಳೇ. 2015ರ ಪ್ಯಾರಿಸ್ ಒಪ್ಪಂದ ಹೆಸರಿಸಿದ 2 ಡಿಗ್ರಿ ಮತ್ತು 1.5 ಡಿಗ್ರಿ ಸೆಲ್ಸಿಯಸ್ ಮಿತಿಗಳು ಫ್ಯಾರನ್‌ಹೀಟಿನಲ್ಲಿ 3.6 ಮತ್ತು 2.7 ಡಿಗ್ರಿಗಳು. 2024ರಲ್ಲಿ ಭೂಮಿಯ ಸರಾಸರಿ ತಾಪಮಾನ 1850-1900ರ ಅವಧಿಯ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ತಿಳಿಸಿತು. ಅದರ ಜೊತೆಗೆ 0.13 ಡಿಗ್ರಿಯಷ್ಟು ಆಚೀಚೆ ಇರಬಹುದೆಂದೂ ಹೇಳಿತು. ಫ್ಯಾರನ್‌ಹೀಟಿನಲ್ಲಿ ಇದು 2.8 ಡಿಗ್ರಿ, ಆಚೀಚೆಯ ಅಂತರ 0.23 ಡಿಗ್ರಿ. ಹೌದು, ಅಳತೆಯ ಅನಿಶ್ಚಿತತೆಯೂ ಒಂದು ಅಂತರವೇ. ಅದಕ್ಕೂ 32 ಸಲ್ಲದು.

ಗಣಕಯಂತ್ರವನ್ನು ನಂಬಿದರೆ ಇಲ್ಲಿ ಮೋಸ ಹೋಗುತ್ತೇವೆ. ಪರಿವರ್ತಕ ತಂತ್ರಾಂಶಗಳಿಗೆ 1.5 ಕೊಟ್ಟರೆ ಅವು 34.7 ಎಂದು ಉತ್ತರಿಸುತ್ತವೆ. ತಂತ್ರಾಂಶದ ತಪ್ಪೇನಿಲ್ಲ. ನಾವು ಕೊಟ್ಟದ್ದು ಏರಿಕೆಯೋ ಸ್ಥಾನವೋ ಎಂದು ಅದಕ್ಕೆ ತಿಳಿಯದು, ಸ್ಥಾನವೆಂದೇ ಭಾವಿಸುತ್ತದೆ. ಅಂತರವನ್ನು ತಿಳಿಯಬೇಕಾದರೆ ಗುಣಾಕಾರ ಮಾಡುವ ಸಾಮಾನ್ಯ ಕ್ಯಾಲ್ಕುಲೇಟರೇ ಮೇಲು.

ಎದುರು ದಿಕ್ಕಿನಲ್ಲಿ ತಪ್ಪಿದರೆ ಏನಾಗುತ್ತದೆ? ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಸ್ಪಿಯರ್‌ಫಿಶ್ ಎಂಬ ಊರಿನಲ್ಲಿ 1943ರ ಜನವರಿ 22ರ ಬೆಳಿಗ್ಗೆ ಬೆಟ್ಟದಿಂದಿಳಿದ ಬೆಚ್ಚನೆಯ ಚಿನೂಕ್ ಗಾಳಿಯಿಂದಾಗಿ ಉಷ್ಣಾಂಶ ಎರಡೇ ನಿಮಿಷಗಳಲ್ಲಿ ಮೈನಸ್ 4ರಿಂದ 45 ಡಿಗ್ರಿ ಫ್ಯಾರನ್‌ಹೀಟಿಗೆ ಜಿಗಿಯಿತು. ಇನ್ನಷ್ಟು ಏರಿ, ಗಾಳಿ ನಿಂತೊಡನೆ ಮತ್ತೆ ಕುಸಿಯಿತು. ಈ ಹೊಯ್ದಾಟಕ್ಕೆ ಕಿಟಕಿಯ ಗಾಜುಗಳು ಬಿರುಕುಬಿಟ್ಟವು. ಮೊದಲ ಏರಿಕೆ 49 ಡಿಗ್ರಿ ಫ್ಯಾರನ್‌ಹೀಟ್. 32 ಕಳೆದು ಲೆಕ್ಕ ಹಾಕಿದವರಿಗೆ ಇದು 9.4 ಡಿಗ್ರಿ ಸೆಲ್ಸಿಯಸ್ ಎಂದು ಬರುತ್ತದೆ. ಅಷ್ಟಕ್ಕೆ ಗಾಜು ಒಡೆಯುವುದುಂಟೇ? ನಿಜವಾದ ಏರಿಕೆ 27.2 ಡಿಗ್ರಿ. ಎರಡು ತುದಿಗಳನ್ನು ಬೇರೆಬೇರೆಯಾಗಿ ಪರಿವರ್ತಿಸಿ ತಾಳೆ ನೋಡಬಹುದು: ಮೈನಸ್ 20ರಿಂದ 7.2 ಡಿಗ್ರಿ ಸೆಲ್ಸಿಯಸ್‌ಗೆ. ಅನುಮಾನ ಬಂದಾಗಲೆಲ್ಲ ಹೀಗೆ ತಾಳೆ ನೋಡುವುದು ಒಳ್ಳೆಯದು.

ಜ್ವರದ ಅಂಕಿಗಳು

ಮನೆಗಳಲ್ಲಿ ಈ ಲೆಕ್ಕ ನಿಜವಾಗಿ ಬೇಕಾಗುವುದು ಜ್ವರ ಬಂದಾಗ. ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಸಾಮಾನ್ಯವಾಗಿ 94ರಿಂದ 108ರವರೆಗಿನ ಗೀಟುಗಳಿದ್ದವು. ಕೊಡವಿ ಪಾದರಸ ಇಳಿಸಿ, ನಾಲಿಗೆಯ ಕೆಳಗಿಟ್ಟು, ಬೆಳಕಿಗೆ ಹಿಡಿದು ಓದಬೇಕಿತ್ತು. ಪಾದರಸದ ಬಳಕೆಯನ್ನು ತಗ್ಗಿಸುವ, 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದದ ತರುವಾಯ ಅವು ಹಿಂದೆ ಸರಿಯುತ್ತಿವೆ. ಅವುಗಳ ಜಾಗಕ್ಕೆ ಬಂದಿರುವ ಡಿಜಿಟಲ್ ಥರ್ಮಾಮೀಟರುಗಳಲ್ಲಿ ಹಲವು ಒಂದು ಗುಂಡಿಯನ್ನೊತ್ತಿದರೆ ಮಾನ ಬದಲಿಸುತ್ತವೆ. ಗೊತ್ತಿಲ್ಲದೆ ಗುಂಡಿ ಒತ್ತಿಹೋಗಿ, ನಡುರಾತ್ರಿ 39.2 ಎಂಬ ಅಂಕಿ ಕಂಡರೆ ನೂರಾ ಎರಡು, ನೂರಾ ಮೂರು ಎಂಬ ಭಾಷೆಗೆ ಒಗ್ಗಿದ ಅಜ್ಜಿಗೆ ಅದು ಜ್ವರವೆಂದೇ ಅನ್ನಿಸದು. ಅದು 102.6. ಬೆಂಗಳೂರು ನಗರ 2016ರ ಏಪ್ರಿಲ್ 24ರಂದು ಕಂಡ ಉರಿಬಿಸಿಲೂ ಇಷ್ಟೇ, 39.2 ಡಿಗ್ರಿ.

37 ಡಿಗ್ರಿ ಸೆಲ್ಸಿಯಸ್ ಎಂದರೆ 98.6. ಜ್ವರದ ಗಡಿಯೆಂದು ವೈದ್ಯರು ಸಾಮಾನ್ಯವಾಗಿ ಹಿಡಿಯುವ 38 ಎಂದರೆ 100.4. ಅಲ್ಲಿಂದ ಮುಂದೆ 101 ಫ್ಯಾರನ್‌ಹೀಟಿಗೆ 38.3, 102ಕ್ಕೆ 38.9, 103ಕ್ಕೆ 39.4, 104 ಬಂದರೆ ಸರಿಯಾಗಿ 40. ಮೂರು ತಿಂಗಳೂ ತುಂಬದ ಹಸುಗೂಸಿಗೆ 38 ಡಿಗ್ರಿ ಮುಟ್ಟಿದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಲ್ಲಿ ಅರ್ಧ ಡಿಗ್ರಿಯೂ ಮುಖ್ಯ.

ಈ ಪಟ್ಟಿಯಲ್ಲಿ ಕಾಣುವಂತೆ ಆರೋಗ್ಯದಿಂದ ಸುಡುವ ಜ್ವರದವರೆಗಿನ ಇಡೀ ಹಾದಿ ಸೆಲ್ಸಿಯಸ್‌ನಲ್ಲಿ ಬರಿಯ ಮೂರು ಡಿಗ್ರಿ, ಫ್ಯಾರನ್‌ಹೀಟಿನಲ್ಲಿ 5.4. 'ಜ್ವರ ಎರಡು ಡಿಗ್ರಿ ಇಳಿದಿದೆ' ಎಂದು ಮನೆಯವರು ಹೇಳಿದರೆ ಫ್ಯಾರನ್‌ಹೀಟಿನ ಲೆಕ್ಕದಲ್ಲಿ 103 ಇದ್ದದ್ದು 101 ಆಗಿದೆ. ಜ್ವರ ಇನ್ನೂ ಇದೆ. ಸೆಲ್ಸಿಯಸ್ ಬಳಸುವ ಆಸ್ಪತ್ರೆಯ ದಾದಿ ಅದೇ ಮಾತನ್ನು ಹೇಳಿದರೆ 39.4 ಇದ್ದದ್ದು 37.4 ಆಗಿದೆ; ಜ್ವರ ಬಹುಮಟ್ಟಿಗೆ ಬಿಟ್ಟಿದೆ. ವೈದ್ಯರೊಡನೆ ದೂರವಾಣಿಯಲ್ಲಿ ಮಾತನಾಡುವಾಗ ಎಷ್ಟು ಇಳಿಯಿತೆಂಬುದಕ್ಕಿಂತ ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೇಳುವುದೇ ಕ್ಷೇಮ. ಆಗ ಮಾನ ಯಾವುದೆಂಬ ಸಂಶಯ ಉಳಿಯುವುದಿಲ್ಲ.

98.6ರ ಆ ದಶಾಂಶದ ಬಗ್ಗೆಯೂ ಒಂದು ಮಾತು ಹೇಳಬೇಕು. ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್‌ಲಿಶ್ ಸಾವಿರಾರು ರೋಗಿಗಳ ಮೈಬಿಸಿಯನ್ನು ಅಳೆದು 1868ರ ತನ್ನ ಗ್ರಂಥದಲ್ಲಿ ಆರೋಗ್ಯವಂತರ ಸರಾಸರಿಯನ್ನು 37 ಡಿಗ್ರಿ ಎಂದ. ಅದು ಇಡಿಯಂಕಿಗೆ ತಂದ ಸರಾಸರಿ. ಫ್ಯಾರನ್‌ಹೀಟಿಗೆ ಪರಿವರ್ತಿಸಿದೊಡನೆ 98.6 ಎಂದಾಗಿ, ಹತ್ತನೇ ಒಂದು ಡಿಗ್ರಿಯವರೆಗೂ ಖಚಿತವಾಗಿ ಅಳೆದದ್ದೇನೋ ಎಂಬ ಭ್ರಮೆ ಹುಟ್ಟಿಸಿತು. ಪರಿವರ್ತನೆಯಿಂದ ನಿಖರತೆ ಹೆಚ್ಚುವುದಿಲ್ಲ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಸರಾಸರಿ 98.2 ಎಂದಿತು. 2020ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, 19ನೇ ಶತಮಾನದ ಆದಿಯಲ್ಲಿ ಹುಟ್ಟಿದ ಅಮೆರಿಕದ ಪುರುಷರ ಮೈಬಿಸಿ ಇಂದಿನವರಿಗಿಂತ 0.59 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತೆಂದು ತೋರಿಸಿದರು. ಫ್ಯಾರನ್‌ಹೀಟಿನಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚು.

ಇನ್ನು ಕೆಲವು ಸಂದರ್ಭಗಳು

ಹವಾನಿಯಂತ್ರಣ ಯಂತ್ರದ ತಾಪಮಾನವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. ಇದು ಸೆಲ್ಸಿಯಸ್ ಡಿಗ್ರಿ. ರಿಮೋಟನ್ನು ಫ್ಯಾರನ್‌ಹೀಟಿನಲ್ಲಿಟ್ಟುಕೊಂಡು 75ರಿಂದ 76ಕ್ಕೆ ಏರಿಸಿದವರಿಗೆ ಸಿಗುವ ಉಳಿತಾಯ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು ಎಂಬಲ್ಲಿ ಎರಡೂ ಸ್ಥಾನಗಳೇ, 35.6 ಮತ್ತು 46.4. ಅವುಗಳ ನಡುವಿನ 6 ಡಿಗ್ರಿಯ ಅವಕಾಶ ಮಾತ್ರ 10.8. ಎತ್ತರ ಏರಿದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗುತ್ತದೆಂಬುದೂ ಅಂತರದ ಲೆಕ್ಕ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಇದರಿಂದ ಸುಮಾರು 6 ಡಿಗ್ರಿಯ ತಂಪು ದಕ್ಕುತ್ತದೆ. ಫ್ಯಾರನ್‌ಹೀಟಿನವರಿಗೆ ಹತ್ತೂವರೆಗೂ ಹೆಚ್ಚು. ಅಷ್ಟೇ ಕಾರಣಕ್ಕೆ ಅಲ್ಲಿ ನೀರು 100ಕ್ಕೆ ಬದಲು ಸುಮಾರು 97 ಡಿಗ್ರಿಗೇ ಕುದಿಯುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಕಾರಣ ತಂಪಲ್ಲ, ಕಡಿಮೆಯಾದ ವಾಯುಭಾರ.

40 ಡಿಗ್ರಿ 20ಕ್ಕಿಂತ ಎರಡು ಪಟ್ಟು ಬಿಸಿ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಫ್ಯಾರನ್‌ಹೀಟಿನಲ್ಲಿ ಅವೇ 104 ಮತ್ತು 68. ಎಲ್ಲಿದೆ ಎರಡು ಪಟ್ಟು? ಸೊನ್ನೆಯನ್ನು ಎಲ್ಲಿಟ್ಟಿದ್ದಾರೆ ಎಂಬುದರ ಮೇಲೆ ಬದಲಾಗುವ ಪಟ್ಟಿಗೆ ಅರ್ಥವಿಲ್ಲ. ಅದಕ್ಕೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ನಿಂದ ಎಣಿಸುವ ಕೆಲ್ವಿನ್ ಮಾನ ಬೇಕು. ಕೆಲ್ವಿನ್‌ನ ಒಂದು ಹೆಜ್ಜೆ ಸೆಲ್ಸಿಯಸ್‌ನ ಒಂದು ಡಿಗ್ರಿಯಷ್ಟೇ ಆದ್ದರಿಂದ ಅಂತರಗಳನ್ನು ಆ ಎರಡರ ನಡುವೆ ಬದಲಿಸುವ ಕೆಲಸವೇ ಇಲ್ಲ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಿಗೆ ಚಳಿಗಾಲದಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. 'ಇಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದೆ' ಎಂದು ಮಗ ಹೇಳಿದರೆ ಅದು ಮೈನಸ್ 10 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 23.3. 'ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಹತ್ತು ಡಿಗ್ರಿ ಕೆಳಗಿದೆ' ಎಂದರೆ ಅದು 22 ಫ್ಯಾರನ್‌ಹೀಟ್, ಅಂದರೆ ಮೈನಸ್ 5.6. ಸೆಲ್ಸಿಯಸ್‌ನಲ್ಲಿ ಈ ಎರಡು ಮಾತುಗಳಿಗೂ ಒಂದೇ ಅರ್ಥ. ಫ್ಯಾರನ್‌ಹೀಟಿನಲ್ಲಿ ಅವುಗಳ ನಡುವೆ 32 ಡಿಗ್ರಿಯ ವ್ಯತ್ಯಾಸ. ಆ ವ್ಯತ್ಯಾಸ ಸೆಲ್ಸಿಯಸ್‌ನಲ್ಲಿ ಎಷ್ಟೆಂದು ಕೇಳಿದರೆ ಉತ್ತರ ಸೊನ್ನೆಯಲ್ಲ, 17.8.